ಮಾತು ಸೋರಿದ ಮಳೆಗಾಲ

ಮೊನ್ನೆ ರಸೆಲ್ ಮಾರುಕಟ್ಟೆಗೆ ಹೋಗಿದ್ದೆ. ಹೊಸ ಸಿನಿಮಾದ ಒಂದು ದೃಶ್ಯಕ್ಕೆ ಎರಡು ಬುಟ್ಟಿ ಸೇವಂತಿಗೆ ಬೇಕಿತ್ತು. ಯಾರನ್ನಾದರೂ ಕಳಿಸಿದ್ದರೆ ಆಗುತ್ತಿತ್ತು. ಆದರೆ ಹೋದವರು ನಿನ್ನೆಯ ಹೂವು ತಂದು ಇವತ್ತಿನದು ಅಂದುಬಿಟ್ಟರೆ? ಮಲ್ಲಿಗೆ ಕೊಳ್ಳುವಾಗ ಹೂವನ್ನು ಬಿಟ್ಟು ಹೂವಿನವಳ ಮೊಳಕೈ ನೋಡುವ ಪೈಕಿ ನಾನು. ಬೆಳಗಿನ ಜಾವ ಮಳೆ ಬಿದ್ದು ನಿಂತಿತ್ತು. ನೆಂದ ಗೋಣಿಚೀಲ, ಕೊತ್ತಂಬರಿ ಕಟ್ಟು, ಆಚೆ ಸಾಲಿನ ಮಾಂಸದಂಗಡಿ, ಈಚೆ ಸಾಲಿನ ಮಲ್ಲಿಗೆ, ಎಲ್ಲ ಕಲಸಿದ ಒಂದು ವಾಸನೆ ಮೂಗಿಗೆ ಬಡಿಯಿತು ನೋಡಿ, ನಾಲ್ಕು ವರ್ಷ ಹಿಂದಿನ ಮಳೆಗಾಲ ಹಾಗೇ ಎದ್ದು ಬಂತು. ಆಗ ಇಪ್ಪತ್ತಾರು ದಿನ, ಪ್ರತಿ ಬೆಳಿಗ್ಗೆ, ಈ ಮಾರುಕಟ್ಟೆಯ ಮುಂದೆ ಕಾರು ನಿಲ್ಲಿಸಿ, ನಮ್ಮ ಯೂನಿಟ್ಟಿನ ಬಟ್ಟೆಬರೆ ನೋಡಿಕೊಳ್ಳುತ್ತಿದ್ದ ಶಬಾನಾ ಆಪಾಳನ್ನು ಹತ್ತಿಸಿಕೊಂಡು ಬೆನ್ಸನ್ ಟೌನಿಗೆ ಶೂಟಿಂಗಿಗೆ ಹೋಗುತ್ತಿದ್ದೆ. ನನ್ನ ಮೊದಲ ಸಿನಿಮಾ. ಆ ಇಪ್ಪತ್ತಾರು ದಿನದಲ್ಲಿ ನಾನು ಅನುಮಾನ ಪಡದೆ ಬಿಟ್ಟ ಮನುಷ್ಯರಿಲ್ಲ.

ಅದಕ್ಕೂ ಮೊದಲು ಒಂಬತ್ತು ವರ್ಷ ಒಂದೇ ಧಾರಾವಾಹಿಯಲ್ಲಿ ಕೆಟ್ಟ ಅತ್ತಿಗೆಯಾಗಿದ್ದವಳು ನಾನು. ಸೋಮವಾರದಿಂದ ಶುಕ್ರವಾರದವರೆಗೆ ಬಾಗಿಲ ಸಂದಿಯಲ್ಲಿ ಕಿವಿ ಇಡುವುದು, ಕಾಗದ ಬಚ್ಚಿಡುವುದು, ಹಾಲಿಗೆ ಏನಾದರೂ ಬೆರೆಸುವುದು, ಇದೇ ಕೆಲಸ. ಹಲಸೂರಿನ ತರಕಾರಿ ಅಂಗಡಿಯಲ್ಲಿ ಒಬ್ಬ ಅಜ್ಜಿ ನನ್ನ ಕೈಯಿಂದ ಬದನೆಕಾಯಿ ಕಿತ್ತುಕೊಂಡು, “ನಿನಗ್ಯಾಕೆ ತರಕಾರಿ? ಆ ಹುಡುಗಿ ಊಟಕ್ಕೆ ವಿಷ ಹಾಕೋಕಾ?” ಎಂದು ಎಲ್ಲರೆದುರಿಗೆ ಉಗಿದಿದ್ದಳು. ನಾನು ನಕ್ಕು ಸುಮ್ಮನಾದೆ. ಆದರೆ ಒಂಬತ್ತು ವರ್ಷ ದಿನವಿಡೀ ಸಂಚು ಮಾಡಿದರೆ ಅದು ಮೈಗೆ ಹತ್ತದೆ ಇರುತ್ತದೆಯೇ? ಎದುರಿಗಿದ್ದವರಿಗೆ ಫೋನು ಬಂದು ಅವರು ಎದ್ದು ಆಚೆ ಹೋದರೆ ಸಾಕು, ನನ್ನ ಎಡಹುಬ್ಬು ತಾನಾಗಿ ಮೇಲೇರುತ್ತಿತ್ತು.

ನಾವು ಮೂಲತಃ ಲಿಂಗಸುಗೂರಿನ ಕಡೆಯವರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅವ್ವ ನನ್ನನ್ನು ಕಟ್ಟಿಕೊಂಡು ಬೈಯಪ್ಪನಹಳ್ಳಿಯ ಒಂದು ಬಾಡಿಗೆ ಕೋಣೆಗೆ ಬಂದಳು. ಅಲ್ಲಿಂದ ದಿನಾ ಎರಡು ಬಸ್ಸು ಬದಲಿಸಿ ಬೆನ್ಸನ್ ಟೌನಿನ ಒಂದು ದೊಡ್ಡ ಮನೆಯಲ್ಲಿ ಹದಿನಾಲ್ಕು ವರ್ಷ ನೆಲ ಒರೆಸಿದಳು. ನನ್ನ ಸಿನಿಮಾ ಅದೇ. ಒಂದು ಮನೆ, ಅಲ್ಲಿ ನೆಲ ಒರೆಸುವ ಹೆಂಗಸು, ಅವಳ ಒಂದು ಮಳೆಗಾಲ. ಕತೆ ನನ್ನದು, ನಿರ್ದೇಶನ ನನ್ನದು, ಅವ್ವನ ಪಾತ್ರವೂ ನನ್ನದೇ. ಅವಳ ಕತೆಯನ್ನು ಬೇರೆಯವರ ಕೈಗೆ ಕೊಟ್ಟರೆ ಅವರು ಅವಳನ್ನು ಎರಡನೇ ದೃಶ್ಯದಲ್ಲೇ ಅಳಿಸಿಬಿಡುತ್ತಾರೆ. ಅವ್ವ ಹಾಗೆ ಅಳುವವಳಲ್ಲ, ಬೈಯುವವಳು. ಅದು ನನಗೆ ಬಿಟ್ಟರೆ ಇನ್ಯಾರಿಗೆ ಗೊತ್ತು?

ಧಾರಾವಾಹಿಯ ಒಳಗಿನ ಸಂಗತಿ ಗೊತ್ತಿಲ್ಲದವರಿಗೆ ಒಂದು ಮಾತು. ಅಲ್ಲಿ ನಾವು ಸಂಭಾಷಣೆ ಬಾಯಿಪಾಠ ಮಾಡುವುದಿಲ್ಲ. ದಿನಕ್ಕೊಂದು ಕಂತು ಮುಗಿಯಬೇಕು, ಬರೆದ ಹಾಳೆ ಸೆಟ್ಟಿಗೆ ಬರುವುದೇ ಬೆಳಿಗ್ಗೆ ಹತ್ತಕ್ಕೆ. ಕ್ಯಾಮೆರಾದ ಪಕ್ಕ ಪ್ರಾಂಪ್ಟರ್ ನಿಂತು ಒಂದೊಂದೇ ಸಾಲು ಓದುತ್ತಾರೆ, ನಾವು ಅದನ್ನು ಮುಖಭಾವದ ಸಮೇತ ಒಪ್ಪಿಸುತ್ತೇವೆ. ಸೆಟ್ಟಿನಲ್ಲಿ ಆಡಿದ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ, ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಎಲ್ಲವನ್ನೂ ಹೊಸದಾಗಿ ಹೇಳುತ್ತೇವೆ. ಸಾಲು ಮರೆತರೆ ‘ಒಂದು, ಎರಡು, ಮೂರು, ನಾಲ್ಕು’ ಎಂದು ಎಣಿಸಿದರೂ ನಡೆಯುತ್ತದೆ. ಒಮ್ಮೆ ನನ್ನ ಗಂಡನ ಪಾತ್ರದವನ ಎದೆಗೆ ಒರಗಿ, ಧಾರಾಕಾರ ಕಣ್ಣೀರು ಸುರಿಸುತ್ತಾ, “ನಾಳೆಯಿಂದ ಹಸಿ ಈರುಳ್ಳಿ ತಿಂದ್ಕೊಂಡು ಬಂದ್ರೆ ಒದ್ದು ಕಳಿಸ್ತೀನಿ” ಅಂದಿದ್ದೆ. ಟಿವಿಯಲ್ಲಿ ಅದು “ನೀವಿಲ್ಲದೆ ನಾನು ಹೇಗೆ ಬದುಕಲಿ” ಎಂದು ಬಂತು. ಜನ ಅತ್ತರಂತೆ. ಸೆಟ್ಟಿನಲ್ಲಿ ಬಾಯಿಗೆ ಬೀಗವಿಲ್ಲದ ಈ ಅಭ್ಯಾಸ ನಮಗೆಲ್ಲ ರಕ್ತದಲ್ಲೇ ಬಂದುಬಿಟ್ಟಿತ್ತು.

ಆ ಒಂಬತ್ತು ವರ್ಷವೂ ನನಗೆ ಸಾಲು ಓದಿ ಹೇಳಿದವರು ರಾಮಣ್ಣ. ಹಲಸೂರಿನವರು, ಅರವತ್ತು ದಾಟಿದವರು, ಚಿಕ್ಕಂದಿನಲ್ಲಿ ನಾಟಕ ಕಂಪನಿಯ ಸೈಡ್‌ವಿಂಗಿನಲ್ಲಿ ಕೂತು ಇದೇ ಕೆಲಸ ಮಾಡಿದವರು. ಮೊದಮೊದಲು ನನ್ನ ಲಿಂಗಸುಗೂರಿನ ಕನ್ನಡ ಕೇಳಿ ಸೆಟ್ಟಿನಲ್ಲಿ ಕಿಸಿಕಿಸಿ ನಗುತ್ತಿದ್ದರು. ರಾಮಣ್ಣ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ, “ಹೋಗಾಕತ್ತೀನಿ ಅಲ್ಲಮ್ಮಾ, ಹೋಗ್ತಾ ಇದೀನಿ” ಎನ್ನುತ್ತಿದ್ದರು. ಒಂದು ದಿನವೂ ಜೋರಾಗಿ ತಿದ್ದಿದವರಲ್ಲ. ಅದಕ್ಕೇ ಸಿನಿಮಾ ಮಾಡುತ್ತೇನೆ ಎಂದಾಗ ಮೊದಲು ಹೋಗಿ ಕೇಳಿದ್ದು ಅವರನ್ನು. “ನನ್ನ ಅಸೋಸಿಯೇಟ್ ಆಗಿ ಬನ್ನಿ ರಾಮಣ್ಣ” ಎಂದೆ. ಅವರ ಕಣ್ಣು ತುಂಬಿ ಬಂದವು. ಆ ವಯಸ್ಸಿನಲ್ಲಿ ಪ್ರಾಂಪ್ಟರನ್ನು ಯಾರು ಅಸೋಸಿಯೇಟ್ ಡೈರೆಕ್ಟರ್ ಮಾಡುತ್ತಾರೆ?

ಸಿನಿಮಾಕ್ಕೆ ಡಬ್ಬಿಂಗ್ ಬೇಡವೆಂದು ನಾನೇ ಹಟ ಹಿಡಿದೆ. ಮಳೆಯ ಸದ್ದು, ಬಕೆಟ್ಟಿನ ಸದ್ದು, ಅವ್ವನ ಬೈಗುಳ, ಎಲ್ಲ ಬೆನ್ಸನ್ ಟೌನಿನಲ್ಲಿ ಶೂಟಿಂಗಿಗೆ ಹಿಡಿದ ಮನೆಯಲ್ಲೇ, ಆಗಲೇ ರೆಕಾರ್ಡ್ ಆಗಬೇಕು. ಅದಕ್ಕಾಗಿ ಅರುಳ್ ಎಂಬ ಸೌಂಡ್ ರೆಕಾರ್ಡಿಸ್ಟರನ್ನು ಕರೆಸಿದೆ. ಸಾಕ್ಷ್ಯಚಿತ್ರಗಳಲ್ಲಿ ಪಳಗಿದವರು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಬೆಳಿಗ್ಗೆ ಮೇಕಪ್ ಮುಗಿಯುತ್ತಿದ್ದಂತೆ ಕಡಲೆಕಾಳಿನಷ್ಟು ದಪ್ಪದ ಮೈಕನ್ನು ಆಪಾಳ ಕೈಗೆ ಕೊಡುತ್ತಿದ್ದರು, ಅವಳು ಅದನ್ನು ನನ್ನ ರವಿಕೆಯೊಳಗೆ ಟೇಪಿನಿಂದ ಅಂಟಿಸುತ್ತಿದ್ದಳು. ಮೊದಲ ದಿನ ಅರುಳ್ ಅದರ ಬಗ್ಗೆ ಏನೇನೋ ವಿವರಿಸಿದರು. ತಲೆಯಲ್ಲಿ ನೂರೆಂಟು ಯೋಚನೆ ಇತ್ತು. “ಆಯ್ತು ಆಯ್ತು” ಎಂದು ಎದ್ದುಹೋದೆ.

ಇನ್ನು ನಿರ್ಮಾಪಕ ಸುರೇಂದ್ರಪ್ಪ. ಹೊಸಪೇಟೆ ಕಡೆಯವರು, ಗ್ರಾನೈಟ್ ವ್ಯಾಪಾರ, ಇಂದಿರಾನಗರದಲ್ಲಿ ಆಫೀಸು. ಸೆಟ್ಟಿಗೆ ಬರುತ್ತಿದ್ದದ್ದು ಅಪರೂಪ. ಆದರೆ ನಾಲ್ಕನೇ ದಿನ ಬೆಳಿಗ್ಗೆ ಏಳು ಗಂಟೆಗೆ ಅವರ ಫೋನು ಬಂತು.

“ಏನ್ ಮೇಡಂ, ಕ್ಯಾಮೆರಾ ಎಲ್ಲಿ ಇಡಬೇಕು ಅಂತ ನಿಮಗ ಗೊತ್ತಾಗವಲ್ದಂತ?”

ಆ ಮಾತನ್ನು ಹಿಂದಿನ ದಿನ ಮೆಟ್ಟಿಲ ಕೆಳಗೆ ನಿಂತು ರಾಮಣ್ಣನಿಗೆ ಹೇಳಿಕೊಂಡಿದ್ದೆ. ಅಳು ಬರುವಂತಾಗಿ, ಪಿಸುಮಾತಿನಲ್ಲಿ. “ಯಾರು ಹೇಳಿದ್ದು ಸಾರ್?” ಎಂದೆ. “ಯಾರರ ಹೇಳಲಿ, ಖರೆ ಹೌದೋ ಅಲ್ಲೋ?” ಎಂದು ಇಟ್ಟುಬಿಟ್ಟರು.

ಏಳನೇ ದಿನ ಇನ್ನೊಂದು ಫೋನು. ಕ್ಯಾಮೆರಾಮನ್ ಕಿರಣನಿಗೂ ನನಗೂ ನಡೆದ ಜಗಳ ಅಕ್ಷರ ಬಿಡದೆ ಅವರಿಗೆ ತಲುಪಿತ್ತು. ಒಂಬತ್ತನೇ ದಿನ ನಾನು ಒಂದು ದೃಶ್ಯ ಕಿತ್ತುಹಾಕುವ ಯೋಚನೆ ಮಾಡಿದ್ದೂ ತಲುಪಿತು. ಹನ್ನೊಂದನೇ ದಿನ ಬಂದ ಫೋನು ಮಾತ್ರ ನನ್ನ ಜೀವ ತೆಗೆಯಿತು.

“ನೋಡ್ರಿ ಮೇಡಂ, ಸಿಟ್ಟಾಗಬ್ಯಾಡ್ರಿ. ‘ನನಗೇನೂ ತಿಳೀವಲ್ದು’ ಅಂತ ನೀವು ದಿನಕ್ಕ ಹತ್ತು ಸಲ ಅಂತೀರಂತ. ಒಬ್ರು ಸೀನಿಯರ್ ಡೈರೆಕ್ಟರ್ ಅದಾರ. ಅವರನ್ನ ಮಾನಿಟರ್ ಮುಂದ ಕೂರಿಸ್ತೀನಿ. ನೀವು ನಿಮ್ಮ ಆ್ಯಕ್ಟಿಂಗ್ ನೋಡ್ಕೊಳ್ರಿ. ಹತ್ತು ದಿನ ಟೈಮ್ ಕೊಡ್ತೀನಿ, ಅಷ್ಟರೊಳಗ ಸುಧಾರಿಸಲಿಲ್ಲಂದ್ರ ಅವರು ಬರ್ತಾರ.”

ಪ್ರತಿ ಶಾಟ್ ನೋಡಿ ಓಕೆ ಮಾಡುವ ಮಾನಿಟರ್ ಮುಂದೆ ಇನ್ನೊಬ್ಬರು ಬಂದು ಕೂತರೆಂದರೆ ಮುಗಿಯಿತು. ಪೋಸ್ಟರಿನಲ್ಲಿ ನನ್ನ ಹೆಸರು ಇರಬಹುದು, ಸಿನಿಮಾ ಅವರದಾಗಿರುತ್ತದೆ, ಅವ್ವ ಎರಡನೇ ದೃಶ್ಯದಲ್ಲಿ ಅಳುತ್ತಾಳೆ. ಯಾರೋ ನನ್ನ ಅನ್ನ ತಿಂದು ನನ್ನ ಕಾಲ ಕೆಳಗೇ ಗುಂಡಿ ತೋಡುತ್ತಿದ್ದಾರೆ ಎಂದು ಖಾತ್ರಿಯಾಯಿತು. ಯಾರು?

ಅಂದಿನಿಂದ ಆ ಮನೆಯಲ್ಲಿ ನಾನು ಸಿನಿಮಾ ನಿರ್ದೇಶನ ಮಾಡಿದ್ದಕ್ಕಿಂತ ಪತ್ತೇದಾರಿ ಮಾಡಿದ್ದೇ ಹೆಚ್ಚು. ಕೆಂಪು ಹೆಂಚಿನ, ಮುಂಭಾಗದಲ್ಲಿ ಮಂಕಿ ಟಾಪ್ ಎನ್ನುವ ಮರದ ಚೂಪು ಮಾಡು ಇದ್ದ ಹಳೆಯ ಬಂಗಲೆ ಅದು. ಜಡಿಮಳೆಗೆ ಅಲ್ಲಲ್ಲಿ ಸೋರುತ್ತಿತ್ತು, ಪಾತ್ರೆ ಇಟ್ಟಿದ್ದೆವು. ಮಳೆ ಜೋರಾದರೆ ಶೂಟಿಂಗ್ ನಿಲ್ಲುತ್ತಿತ್ತು, ಜನ ಇಬ್ಬಿಬ್ಬರು ಮೂವರಾಗಿ ವರಾಂಡದಲ್ಲಿ ಗುಂಪು ಸೇರುತ್ತಿದ್ದರು. ಪ್ರತಿ ಗುಂಪೂ ನನ್ನ ಬಗ್ಗೆಯೇ ಮಾತಾಡುತ್ತಿದೆ ಎನಿಸುತ್ತಿತ್ತು. ಕಿರಣ ಕೊಡೆ ಹಿಡಿದು ಗೇಟಿನಾಚೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದ, ಯಾಕೆ ಆಚೆಗೇ ಹೋಗಬೇಕು? ಆಪಾಳ ಮಗಳ ಮದುವೆಗೆ ಸುರೇಂದ್ರಪ್ಪ ಸೀರೆ ಕಳಿಸಿದ್ದರಂತೆ, ಯಾಕೆ ಕಳಿಸಬೇಕು? ರಾಮಣ್ಣನ ಕೈಯಲ್ಲಿ ಸದಾ ಒಂದು ನೋಟ್‌ಪುಸ್ತಕ, ನಾನು ಬಾಯಿ ತೆರೆದರೆ ಅವರು ಪೆನ್ನು ತೆರೆಯುತ್ತಿದ್ದರು. ಯಾವ ಶಾಟಿನಲ್ಲಿ ಸೆರಗು ಎಲ್ಲಿತ್ತು, ಬಕೆಟ್ಟು ಎಲ್ಲಿತ್ತು ಎಂದು ಬರೆದಿಡುವುದೇ ಅವರ ಕೆಲಸ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ.

ಒಂದು ಬೆಳಿಗ್ಗೆ ಕಾರಿನಲ್ಲಿ ಆಪಾಳ ಮೇಲೇ ರೇಗಿದೆ. ಅವಳು ಎಲೆ ಅಡಿಕೆ ಜಗಿಯುತ್ತಾ, “ಅರೇ ಸುನಂದಾ, ಇತ್ತಾ ಶಕ್ ನಕ್ಕೋ ಕರೋ. ಇಷ್ಟು ಅನುಮಾನ ಇಟ್ಕೊಂಡ್ರೆ ತಿಂದಿದ್ದು ಅರಗಲ್ಲ” ಎಂದಳು. ಮನೆಯಲ್ಲಿ ಅವ್ವನೂ ಅದನ್ನೇ ಅಂದಳು. “ಅಕ್ಕಿಯೊಳಗ ಕಲ್ಲು ಹುಡುಕಿ ಹುಡುಕಿ ಒಬ್ಬಾಕಿ ಅನ್ನಾನ ಮಾಡಲಿಲ್ಲಂತ. ಸುಮ್ಮ ಕೆಲಸ ನೋಡವಾ.” ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಅವ್ವನ ಮೇಲೆ ಅನುಮಾನ ಬರಲಿಲ್ಲ ಎಂಬುದೇ ಪುಣ್ಯ.

ಹದಿಮೂರನೇ ದಿನ ಊಟದ ಹೊತ್ತಿಗೆ ಶಾಮಿಯಾನದ ಕೆಳಗೆ ಎಲ್ಲರೂ ಸೇರಿದ್ದಾಗ ಬೇಕೆಂತಲೇ ದೊಡ್ಡ ದನಿಯಲ್ಲಿ ಹೇಳಿದೆ. “ಇಲ್ಲಿ ಯಾರೋ ಒಬ್ರು ಸುದ್ದಿ ಸಾಗಿಸ್ತಿದಾರೆ. ಅವರ್ಯಾರು ಅಂತ ನನಗೆ ಗೊತ್ತಾಗಿದೆ.” ಗೊತ್ತಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾರೆಂದು ಕಾಯುತ್ತಿದ್ದೆ, ಅಷ್ಟೆ. ಕಿರಣ ಸೊಪ್ಪಿನ ಪಲ್ಯ ಬಡಿಸಿಕೊಳ್ಳುತ್ತಲೇ ಇದ್ದ. ಆಪಾ ಹಲ್ಲು ಕಡ್ಡಿ ಹುಡುಕುತ್ತಿದ್ದಳು. ರಾಮಣ್ಣ ಮಾತ್ರ ತಟ್ಟೆ ಕೆಳಗಿಟ್ಟು, ನನ್ನನ್ನೇ ನೋಡುತ್ತಾ, ಎರಡು ಬೆರಳಿನಿಂದ ತಮ್ಮ ಎದೆ ತಟ್ಟಿಕೊಂಡರು. ಒಮ್ಮೆ ಅಲ್ಲ, ಎರಡು ಸಲ.

ನನಗೆ ಅಷ್ಟು ಸಾಕಾಯಿತು. ಅಂದು ಸಂಜೆ ಪ್ಯಾಕಪ್ ಆದ ಮೇಲೆ ಅವರು “ಸುನಂದಮ್ಮಾ, ಒಂದು ನಿಮಿಷ” ಎಂದು ಬಂದರು. ತಲೆನೋವು ಎಂದು ಹೇಳಿ ಕಾರು ಹತ್ತಿದೆ. ಗಾಜಿನಲ್ಲಿ ನೋಡಿದರೆ ಮಳೆಯಲ್ಲಿ ನಿಂತೇ ಇದ್ದರು.

ಆದರೂ ಒಂಬತ್ತು ವರ್ಷದ ಋಣ, ಸುಮ್ಮನೆ ತೀರ್ಪು ಕೊಡಲಾಗಲಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಎಂದುಕೊಂಡೆ. ಅತ್ತಿಗೆಯಾಗಿದ್ದಾಗ ಧಾರಾವಾಹಿಯಲ್ಲಿ ಮಾಡಿದ್ದೇ ಉಪಾಯ. ಮೂವರಿಗೆ ಮೂರು ಸುಳ್ಳು ಹೇಳುವುದು, ಯಾವ ಸುಳ್ಳು ಸುರೇಂದ್ರಪ್ಪನ ಕಿವಿಗೆ ಬೀಳುತ್ತದೋ ನೋಡುವುದು. ಹದಿನಾಲ್ಕನೇ ದಿನ ಬೆಳಿಗ್ಗೆ, ಇನ್ನೂ ಮೇಕಪ್ಪಿಗೆ ಕೂರುವ ಮೊದಲೇ, ತಿಂಡಿ ತಿನ್ನುತ್ತಿದ್ದ ಕಿರಣನಿಗೆ ಹೇಳಿದೆ, ಕ್ಲೈಮ್ಯಾಕ್ಸನ್ನು ಕೆ.ಆರ್. ಪುರಂ ತೂಗುಸೇತುವೆಯ ಮೇಲೆ ತೆಗೆಯೋಣ ಎಂದು. ಆಪಾಳಿಗೆ ಸೀರೆ ಉಡಿಸುವಾಗ ಹೇಳಿದೆ, ಒಂದು ಹಾಡು ಸೇರಿಸುತ್ತಿದ್ದೇನೆ, ಹತ್ತು ಜನ ಕುಣಿಯುವವರಿಗೆ ಬಟ್ಟೆ ಬೇಕು ಎಂದು. ಅದಾದ ಮೇಲೆ ಅವಳು ಟೇಪು ಹಚ್ಚಿ, ಮೈಕು ಸಿಕ್ಕಿಸಿ, ಬೆನ್ನು ತಟ್ಟಿ ಕಳಿಸಿದಳು. ಹನ್ನೊಂದು ಗಂಟೆಗೆ ಹಿತ್ತಲಿನ ನೇರಳೆ ಮರದ ಕೆಳಗೆ ರಾಮಣ್ಣನನ್ನು ಕರೆದು ಹೇಳಿದೆ.

“ರಾಮಣ್ಣ, ಯಾರಿಗೂ ಹೇಳ್ಬೇಡಿ. ಕೊನೇಲಿ ತಾಯಿನ ಸಾಯಿಸ್ತಿದೀನಿ.”

ಅವರು ಗಾಬರಿಯಾದರು. ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ಮತ್ತೆ ಅದೇ, ಎರಡು ಬೆರಳು, ಎದೆಯ ಮೇಲೆ, ಟಕಟಕ. ಗುಟ್ಟು ನನ್ನೆದೆಯಲ್ಲಿ ಭದ್ರ ಎಂದು ಅಭಿನಯ ಮಾಡುತ್ತಿದ್ದಾರೆ ಮಹಾನುಭಾವರು, ಅದೂ ಓವರ್ ಆ್ಯಕ್ಟಿಂಗು, ಎಂದುಕೊಂಡು ನಾನು ಬೆನ್ನು ತಿರುಗಿಸಿ ನಡೆದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಫೋನು. “ಯವ್ವಾ, ತಾಯಿನ್ನ ಸಾಯಿಸ್ತೀರಂತ? ಅದು ನಿಮ್ಮ ತಾಯಿ ಕತಿ ಅಲ್ರಿ? ಜೀವಂತ ಇದ್ದಾಕಿನ್ನ ಯಾಕ ಸಾಯಿಸ್ತೀರಿ?” ಸೇತುವೆಯ ಸುದ್ದಿಯಿಲ್ಲ, ಹಾಡಿನ ಸುದ್ದಿಯಿಲ್ಲ. ಅಳು ಬಂತು. ಆಮೇಲೆ ಅಳುವಿಗಿಂತ ಕೋಪ ಬಂತು.

ಆ ಕೋಪವನ್ನು ಮಧ್ಯಾಹ್ನದ ಊಟದವರೆಗೂ ಕಾದಿಟ್ಟುಕೊಂಡೆ. ಎಲ್ಲರೂ ಕೂತಿದ್ದರು, ನಲವತ್ತು ಜನ. ಮಳೆ ಹನಿಯುತ್ತಿತ್ತು.

“ರಾಮಣ್ಣ, ನಾಳೆಯಿಂದ ಬರಬೇಡಿ” ಎಂದೆ.

ಅವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಏನ್ ತಪ್ಪಾಯ್ತಮ್ಮಾ?”

“ತಾಯಿ ಸಾಯೋ ವಿಷಯ ನಿಮಗೊಬ್ಬರಿಗೇ ಹೇಳಿದ್ದೆ. ಬೆಳಿಗ್ಗೆ ಪ್ರೊಡ್ಯೂಸರ್ ಬಾಯಲ್ಲಿತ್ತು.”

“ಅಮ್ಮಾ, ಅದು ಮೈಕು...” ಎಂದು ಎದ್ದು ನಿಂತರು. ಎರಡು ಬೆರಳು ಮತ್ತೆ ಎದೆಯ ಕಡೆ ಹೋಯಿತು.

“ಸಾಕು! ನನ್ನ ಮುಂದೆ ನಾಟಕ ಬೇಡ. ಜೀವನಪೂರ್ತಿ ಇನ್ನೊಬ್ಬರ ಮಾತು ಓದಿ ಹೊಟ್ಟೆ ಹೊರೆದೋರು ನೀವು. ಇನ್ನೊಬ್ಬರ ಮಾತು ಮಾರೋದು ನಿಮಗೇನು ಕಷ್ಟ?”

ಆಪಾ “ಸುನಂದಾ!” ಎಂದಳು, ಅಷ್ಟೇ. ರಾಮಣ್ಣ ತಟ್ಟೆ ತೆಗೆದುಕೊಂಡು ಹೋಗಿ ನಲ್ಲಿಯಲ್ಲಿ ತೊಳೆದರು. ಕೈ ಒರೆಸಿಕೊಂಡು ಬಂದು ನೋಟ್‌ಪುಸ್ತಕವನ್ನು ನನ್ನ ಪಕ್ಕದ ಕುರ್ಚಿಯ ಮೇಲೆ ಇಟ್ಟರು. “ಮಧ್ಯಾಹ್ನದ ಸೀನಲ್ಲಿ ನಿಮ್ಮ ಬಲಗೈಗೆ ಒಂದೇ ಬಳೆ ಇರಬೇಕು. ಇನ್ನೊಂದು ಬೆಳಗಿನ ಶಾಟಲ್ಲಿ ಒಡೆದಿದೆ. ಮರೀಬೇಡಿ” ಎಂದರು. ಕೊಡೆ ಬಿಚ್ಚಿ ಗೇಟು ದಾಟಿ ಹೋದರು. ನಾನು ಗೆದ್ದವಳ ಹಾಗೆ ಕೂತು ಮೊಸರನ್ನ ಕಲಸಿದೆ. ಒಳಗೆ ಇಳಿಯಲಿಲ್ಲ.

ಎರಡು ದಿನ ಫೋನು ಬರಲಿಲ್ಲ. ನೋಡಿದೆಯಾ, ಕಳ್ಳ ಹೋದ, ಕಾಟ ತಪ್ಪಿತು ಎಂದು ಆಪಾಳಿಗೆ ಹೇಳಿದೆ. ಅವಳು ನನ್ನ ಜತೆ ಮಾತು ಬಿಟ್ಟಿದ್ದಳು, ಟೇಪು ಹಚ್ಚುವಾಗ ಚರ್ಮ ಎಳೆಯುವ ಹಾಗೆ ಹಚ್ಚುತ್ತಿದ್ದಳು. ಹದಿನೆಂಟನೇ ದಿನ ಬೆಳಿಗ್ಗೆ ಏಳಕ್ಕೆ ಮತ್ತೆ ಫೋನು ಬಡಿದುಕೊಂಡಿತು.

“ಮೇಡಂ, ನನ್ನ ತಲಿಯೊಳಗ ಮಿದುಳಿಲ್ಲ, ಗ್ರಾನೈಟ್ ಐತಿ ಅಂದ್ರಂತ?”

ಅಂದದ್ದು ನಿಜ. ಆದರೆ ಯಾರಿಗೂ ಅಂದಿರಲಿಲ್ಲ. ಹಿಂದಿನ ದಿನ ಮಹಡಿಯ ಬಚ್ಚಲಿನಲ್ಲಿ, ಚಿಲಕ ಹಾಕಿಕೊಂಡು, ಕನ್ನಡಿ ನೋಡುತ್ತಾ ನನಗೆ ನಾನೇ ಅಂದುಕೊಂಡದ್ದು. ನಗಬೇಡಿ, ಸೆಟ್ಟಿಗೆ ಹೋದವಳೇ ಮೊದಲು ಮಾಡಿದ ಕೆಲಸ ಆ ಕನ್ನಡಿಯನ್ನು ಗೋಡೆಯಿಂದ ಇಳಿಸಿ ಹಿಂದೆ ನೋಡಿದ್ದು. ಒಂದು ಹಲ್ಲಿಯ ಮೊಟ್ಟೆ ಇತ್ತು.

ಇಳಿದು ಬಂದಾಗ ಅರುಳ್ ವರಾಂಡದಲ್ಲಿ ತಂತಿ ಸುತ್ತುತ್ತಿದ್ದರು. ಸುಮ್ಮನೆ ಕೇಳುವವಳ ಹಾಗೆ ಕೇಳಿದೆ.

“ಅರುಳ್, ಈ ಮೈಕು ಶಾಟ್ ಇಲ್ದಾಗ ಆಫ್ ಇರುತ್ತೆ ಅಲ್ವಾ?”

“ಇಲ್ಲ ಮೇಡಂ. ಬೆ‌ಳಿಗ್ಗೆ ಹಾಕಿದ್ರೆ ಸಂಜೆವರೆಗೂ ಆನ್.”

“ಆನ್ ಇದ್ರೂ ರೆಕಾರ್ಡ್ ಆಗಲ್ಲ ತಾನೇ?”

“ಆಗುತ್ತೆ. ರೆಕಾರ್ಡಿಂಗ್ ಶುರು ಮಾಡೋಕೆ ನೀವು ‘ರೋಲ್’ ಅಂತ ಹೇಳೋದೇ ಇಲ್ಲ ಮೇಡಂ. ಯಾರ ಜೊತೆನೋ ಮಾತಾಡ್ತಾ ಇರ್ತೀರಿ, ಹಂಗೇ ಸೀನ್ ಒಳಗೆ ಹೋಗ್ಬಿಡ್ತೀರಿ. ಮಿಸ್ ಆಗ್ಬಾರ್ದು ಅಂತ ನಾನು ನಿಲ್ಲಿಸೋದೇ ಇಲ್ಲ. ಮೊದಲ ದಿನಾನೇ ಹೇಳಿದ್ನಲ್ಲ? ಆಯ್ತು ಆಯ್ತು ಅಂದ್ರಿ.”

“ಆಮೇಲೆ ಅದೆಲ್ಲ ಎಲ್ಲಿಗೆ ಹೋಗುತ್ತೆ?”

“ದಿನಾ ಸಂಜೆ ಪ್ರೊಡ್ಯೂಸರ್ ಆಫೀಸ್‌ಗೆ. ಅಗ್ರಿಮೆಂಟಲ್ಲೇ ಇದೆಯಲ್ಲ ಮೇಡಂ.” ಅವರು ತಂತಿ ಸುತ್ತುವುದನ್ನು ನಿಲ್ಲಿಸಿ, ತಗ್ಗಿದ ದನಿಯಲ್ಲಿ ಸೇರಿಸಿದರು. “ಹನ್ನೆರಡನೇ ದಿನ ರಾಮಣ್ಣ ಸಾರ್‌ಗೆ ಮಾತಿನ ಮಧ್ಯೆ ಇದನ್ನ ಹೇಳ್ದೆ. ಅವರಿಗೆ ಕೈಕಾಲೇ ಆಡಲಿಲ್ಲ. ಊಟದ ಹೊತ್ತಿಂದು ಅಷ್ಟನ್ನಾದ್ರೂ ಅಳಿಸೋಕಾಗುತ್ತಾ ಅಂತ ದಿನಾ ಬಂದು ಕೇಳ್ತಿದ್ರು. ನನಗೆ ಅಳಿಸೋ ಅಧಿಕಾರ ಇಲ್ಲ ಮೇಡಂ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗುತ್ತಲೂ ಇರಲಿಲ್ಲ, ನೇರ ಇಂದಿರಾನಗರಕ್ಕೆ ತಲುಪುತ್ತಿತ್ತು. ಕಿರಣನಿಗೆ ಸುಳ್ಳು ಹೇಳಿದಾಗ ಮೈಕು ಇರಲಿಲ್ಲ. ಆಪಾಳಿಗೆ ಹೇಳಿದಾಗಲೂ ಇರಲಿಲ್ಲ. ರಾಮಣ್ಣನಿಗೆ ಹೇಳಿದಾಗ ಇತ್ತು. ಇಷ್ಟು ದಿನದಿಂದ ನಾನು ಹುಡುಕುತ್ತಿದ್ದ ಚಾಡಿಕೋರಳನ್ನು ಆಪಾ ದಿನಾ ಬೆಳಿಗ್ಗೆ ಸೀರೆ ಉಡಿಸಿ ಕಳಿಸುತ್ತಿದ್ದಳು. ಎದೆ ತಟ್ಟಿಕೊಂಡದ್ದರ ಅರ್ಥ ಈಗ ಹೊಳೆಯಿತು. ಬಾಯಿಬಿಟ್ಟು ಹೇಳಿದರೆ ಅದೂ ರೆಕಾರ್ಡಾಗುತ್ತದೆ, ಸುರೇಂದ್ರಪ್ಪ ಅದನ್ನೂ ಕೇಳುತ್ತಾರೆ ಎಂದು ಆ ಮನುಷ್ಯ ಕೈಸನ್ನೆ ಮಾಡಿದ್ದರು. ಮೈಕು ಬಿಚ್ಚಿದ ಮೇಲೆ ಹೇಳೋಣ ಎಂದು ಸಂಜೆ ಬಂದರೆ, ನಾನು ತಲೆನೋವು ಎಂದು ಕಾರು ಹತ್ತಿದ್ದೆ. ನನಗೆ ಅಲ್ಲೇ ಭೂಮಿ ಬಿರಿಯಬಾರದೇ ಎನಿಸಿತು. ಅಂಥ ನಾಚಿಕೆ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಶೂಟಿಂಗ್ ನಿಲ್ಲಿಸಿ ನೇರ ಇಂದಿರಾನಗರಕ್ಕೆ ಹೋದೆ. ಸುರೇಂದ್ರಪ್ಪ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇಡ್ಲಿ ತಿನ್ನುತ್ತಿದ್ದರು.

“ನಾನು ಯಾರನ್ನೂ ಇಟ್ಟಿಲ್ರಿ ಮೇಡಂ. ನೀವ ಹೇಳ್ತಿದ್ರಿ, ನಾ ಕೇಳ್ತಿದ್ದೆ” ಎಂದರು, ಸ್ವಲ್ಪವೂ ಅಳುಕಿಲ್ಲದೆ.

“ಹಾಗಾದ್ರೆ ರಾಮಣ್ಣನದೇನೂ ತಪ್ಪಿಲ್ಲ ಅಂತ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು. ಆ ಹಿರೇಮನುಷ್ಯಾಗ ನೀವು ಅಂದದ್ದು ಕೇಳಿ ಅವತ್ತು ನನಗ ಇಡ್ಲಿ ಇಳೀಲಿಲ್ಲ.”

“ಮತ್ತೆ ಒಂದು ಫೋನ್ ಮಾಡಿ ಹೇಳಬಾರದಿತ್ತಾ?”

“‘ನನ್ನ ಯೂನಿಟ್ ವಿಷಯಕ್ಕ ಆ ಗ್ರಾನೈಟಿನವ ತಲಿ ಹಾಕಬಾರದು’ ಅಂತ ಐದನೇ ದಿನಾನ ಅಂದಿದ್ರಿ. ಅದನ್ನೂ ಕೇಳಿದ್ದೆ.” ಕೈ ತೊಳೆದು ಬಂದು ಕೂತರು. “ಪಿಕ್ಚರ್ ಚಲೋ ಬರಾಕತ್ತೇತಿ. ಆದ್ರ ತಾಸಿಗೊಮ್ಮೆ ‘ನನ್ನಿಂದ ಆಗಂಗಿಲ್ಲ’ ಅಂತ ನೀವ ಅಂದ್ರ, ನಾನೇನು ಮಾಡಬೇಕು? ಹೋಗ್ರಿ, ನೀವ ಮುಗಿಸ್ರಿ. ಯಾರನ್ನೂ ಕಳಸಂಗಿಲ್ಲ.”

ಸಿನಿಮಾ ಉಳಿಯಿತು. ಕುಣಿದಾಡಬೇಕಿತ್ತು. ಕಾರಿನಲ್ಲಿ ಕೂತು ಡ್ರೈವರಿಗೆ ಹಲಸೂರಿಗೆ ಬಿಡು ಎಂದೆ.

ರಾಮಣ್ಣನ ಮನೆ ಕೆರೆಯ ಹಿಂದಿನ ಒಂದು ಗಲ್ಲಿಯಲ್ಲಿ, ಎರಡು ಕೋಣೆ. ಅವರ ಹೆಂಡತಿ ಸರೋಜಮ್ಮ ಬಾಗಿಲು ತೆರೆದು, ಏನೂ ಆಗಿಲ್ಲವೆಂಬಂತೆ “ಬನ್ನಿ, ನೆಂದಿದೀರಲ್ಲ” ಎಂದು ಟವೆಲ್ ಕೊಟ್ಟರು. ಗಂಡ ಮನೆಯಲ್ಲಿ ಏನೂ ಹೇಳಿಕೊಂಡಿರಲಿಲ್ಲವೆಂದು ಕಾಣುತ್ತದೆ. ಅದು ಇನ್ನೂ ಕಷ್ಟವಾಯಿತು. ಸರೋಜಮ್ಮ ಕಾಫಿಗೆ ಒಳಗೆ ಹೋದಾಗ ನಾನು ರಾಮಣ್ಣನ ಮುಂದೆ ಕೈ ಮುಗಿದು ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ವಾಪಸ್ ಬನ್ನಿ ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು.

“ಅಂದಿದ್ದು ನಲವತ್ತು ಜನರ ಮುಂದೆ ಸುನಂದಮ್ಮಾ” ಎಂದರು. “ಕೇಳೋಕೆ ಒಬ್ಬರೇ ಬಂದಿದೀರಿ.”

ಸರೋಜಮ್ಮ ಕಾಫಿ ತಂದರು. ಮೂವರೂ ಮಳೆಯ ವಿಷಯ ಮಾತಾಡಿದೆವು.

ಇಪ್ಪತ್ತಾರನೇ ದಿನ, ಕೊನೆಯ ದಿನ, ಬೂದುಗುಂಬಳ ತರಿಸಿಟ್ಟಿದ್ದೆವು. ಶೂಟಿಂಗ್ ಮುಗಿದಾಗ ಅದನ್ನು ಒಡೆಯುವುದು ನಮ್ಮಲ್ಲಿ ಪದ್ಧತಿ. ನಾನು ಫೋನು ಮಾಡಿ, ಕೊನೆಯ ಶಾಟಿಗಾದರೂ ಬನ್ನಿ ಎಂದು ರಾಮಣ್ಣನನ್ನು ಬೇಡಿಕೊಂಡಿದ್ದೆ. ಕಾರು ಕಳಿಸಿದ್ದೆ. ಅವರು ಕಾರು ಬಿಟ್ಟು ಬಸ್ಸಿನಲ್ಲಿ ಬಂದರು, ಅದೇ ಬಿಳಿ ಅಂಗಿ, ಅದೇ ಕೊಡೆ. ಸಂಜೆ ನಾಲ್ಕೂವರೆ, ಮೋಡ ಸರಿದು ಸ್ವಲ್ಪ ಬಿಸಿಲು ಬಿದ್ದಿತ್ತು. ಲೈಟಿನವರು, ಅಡುಗೆಯವರು, ಡ್ರೈವರುಗಳು, ಎಲ್ಲರನ್ನೂ ಅಂಗಳಕ್ಕೆ ಕರೆದೆ. ಅರುಳ್‌ಗೆ ರೆಕಾರ್ಡಿಂಗ್ ನಿಲ್ಲಿಸಬೇಡಿ, ಓಡಲಿ ಎಂದೆ. ಸುರೇಂದ್ರಪ್ಪನೂ ಕೇಳಲಿ.

ಒಂಬತ್ತು ವರ್ಷ ಬಾಯಿಗೆ ಬಂದದ್ದು ಆಡಿದವಳಿಗೆ ಆವತ್ತು ಒಂದೊಂದು ಮಾತೂ ಕಿತ್ತು ತೆಗೆದ ಹಾಗೆ ಬಂತು. ರಾಮಣ್ಣ ಯಾವ ಸುದ್ದಿಯನ್ನೂ ಯಾರಿಗೂ ಹೇಳಿರಲಿಲ್ಲ ಎಂದೆ. ಹೇಳಿದವಳು ನಾನೇ ಎಂದೆ. ಅವರ ಕಸುಬಿಗೆ ಬೈದೆನಲ್ಲ, ಆ ಕಸುಬಿಲ್ಲದಿದ್ದರೆ ನನಗೆ ಕನ್ನಡದಲ್ಲಿ ಒಂದು ಸಾಲೂ ನೆಟ್ಟಗೆ ಬರುತ್ತಿರಲಿಲ್ಲ ಎಂದೆ. ನನ್ನ ಬುದ್ಧಿ ಕೆಟ್ಟಿತ್ತು, ತಪ್ಪಾಯಿತು ಎಂದೆ. ಆಪಾ ಕಣ್ಣೊರೆಸಿಕೊಂಡಳು. ಕಿರಣ ನೆಲ ನೋಡುತ್ತಿದ್ದ. ಎಲ್ಲರೂ ರಾಮಣ್ಣನ ಮುಖ ನೋಡಿದರು.

“ಆಯ್ತಮ್ಮಾ” ಎಂದರು ಅವರು. “ಬೆಳಕು ಹೋಗ್ತಿದೆ, ಶಾಟ್ ತಗೊಳ್ಳಿ.”

ತೆಗೆದೆವು. ಅವರು ಮೂಲೆಯಲ್ಲಿ ನಿಂತು ನೋಡಿದರು, ಒಮ್ಮೆ ಕೈ ಎತ್ತಿ ನನ್ನ ಸೆರಗು ಬಲಗಡೆ ಇರಬೇಕೆಂದು ತೋರಿಸಿದರು. ಬೂದುಗುಂಬಳ ಒಡೆಯುವ ಗದ್ದಲದಲ್ಲಿ ಕೊಡೆ ಹಿಡಿದು ಹೊರಟರು. ನಾನು ಗೇಟಿನವರೆಗೂ ಓಡಿದೆ.

“ರಾಮಣ್ಣ, ಮುಂದಿನ ಸಿನಿಮಾಕ್ಕೆ ಬರ್ತೀರಲ್ವಾ? ನನ್ನ ಮೇಲೆ ಬೇಜಾರಿಲ್ಲ ತಾನೇ?”

ಅವರು ತಿರುಗಿ ನಿಂತರು. ನನ್ನ ಮುಖ ನೋಡಿದರು, ಆಮೇಲೆ ರವಿಕೆಯ ಅಂಚಿನಲ್ಲಿ ಇಣುಕುತ್ತಿದ್ದ ತಂತಿ ನೋಡಿದರು.

“ಅದನ್ನ ತೆಗೆದಿಟ್ಟು ಬನ್ನಿ, ಹೇಳ್ತೀನಿ” ಎಂದರು.

ಒಳಗೆ ಓಡಿದೆ. ಆಪಾಳನ್ನು ಹುಡುಕಿ ಎಳೆದು ತಂದು, ಬೇಗ ಕೀಳು ಎಂದೆ. ಟೇಪಿನ ಜತೆ ಚರ್ಮವೂ ಕಿತ್ತು ಬಂದ ಹಾಗಾಯಿತು. ಎರಡು ನಿಮಿಷ, ಹೆಚ್ಚೆಂದರೆ ಮೂರು. ಗೇಟಿಗೆ ಬಂದು ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಬಸ್ಸು ಬಂದಿತ್ತು, ಹತ್ತಿ ಹೋದರು ಎಂದು ವಾಚ್‌ಮನ್ ಹೇಳಿದ.

ಹೇಳಬೇಕೆಂದೇ ಇದ್ದವರು ಬಸ್ಸು ಬಂದದ್ದಕ್ಕೆ ಹೋದರೋ, ನನ್ನನ್ನು ಒಳಗೆ ಕಳಿಸಲೆಂದೇ ಹಾಗೆ ಹೇಳಿದರೋ? ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ. ಅವ್ವನ ಮಂಡಿನೋವು ಕೇಳುತ್ತಾರೆ, ಸಿನಿಮಾ ನೋಡಿದೆ, ಚೆನ್ನಾಗಿತ್ತು ಎಂದರು. ಅವತ್ತು ಗೇಟಿನ ಹತ್ತಿರ ಏನು ಹೇಳಬೇಕೆಂದಿದ್ದಿರಿ ಎಂದು ಕೇಳುವ ಧೈರ್ಯ ಮಾತ್ರ ನನಗೆ ಇನ್ನೂ ಬಂದಿಲ್ಲ.